ದಣಿದ ತರಕಾರಿ, ಇಬ್ಬರಿಗೆ

ಫೆಬ್ರವರಿ 3

ಕಡ್ಡೀ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ಪುಸ್ತಕದ ಹಿಂಬದಿಯಲ್ಲಿ ನಿಮ್ಮೆಲ್ಲರ ಫೋಟೋ ನೋಡಿದರೇ ಗೊತ್ತಾಗುತ್ತದೆ. ಕೆನ್ನೆ ತುಂಬಿಕೊಂಡಿದೆ. ನನ್ನ ಅಡುಗೆಮನೆಯಲ್ಲಿ ಇಷ್ಟು ವರ್ಷ ಬೆಣ್ಣೆ, ಚೀಸು ತಿಂದರೂ ತುಂಬದ ಕೆನ್ನೆ ನಿನ್ನ ಮೇಡಂ ಮನೆಯ ಬೀಟ್‌ರೂಟು ತಿಂದು ತುಂಬಿತಲ್ಲ, ಬಹಳ ಸಂತೋಷ.

ಹೌದು, ನಿನ್ನ ಮೇಡಂ ಬರೆದ ಅಡುಗೆ ಪುಸ್ತಕ ಬಂತು. ನಿನ್ನ ಅಪ್ಪ ಕೈ ತೊಳೆದು, ಒರೆಸಿಕೊಂಡು, ಯಾರದ್ದೋ ಮನೆಯ ಕೂಸನ್ನು ಎತ್ತಿಕೊಳ್ಳುವವರ ಹಾಗೆ ಅದನ್ನು ಬಿಚ್ಚಿದರು. ಮೊದಲ ಪುಟದಲ್ಲಿ ನಿನ್ನ ಮೇಡಂ ನೇರಳೆ ಶಾಯಿಯಲ್ಲಿ ಬರೆದಿದ್ದಾರೆ: ‘ಮಗಳನ್ನು ನನಗೆ ಎರವಲು ಕೊಟ್ಟ ತಾಯಿಗೆ, ಪ್ರೀತಿಯಿಂದ.’ ನಾನು ಯಾವಾಗ ಎರವಲು ಕೊಟ್ಟೆ? “ಒಂದು ವರ್ಷ ಕಲ್ತು ಬರ್ತೀನಮ್ಮ, ಆಮೇಲೆ ಒಲೆ ಮುಂದೆ ನಾನೇ ನಿಲ್ತೀನಿ” ಅಂತ ನನ್ನ ಗಲ್ಲ ಹಿಡಿದು ಹೇಳಿ ಹೋದವಳು ನೀನು. ವರ್ಷ ಕಳೆದು ಎಷ್ಟು ಕಾಲವಾಯಿತು! ಕೇಳಿದರೆ ಪುಸ್ತಕ ಮುಗಿಯಲಿ ಅಂದೆ. ಈಗ ಪುಸ್ತಕ ಅಚ್ಚಾಗಿ ನನ್ನ ಕಟ್ಟೆಯ ಮೇಲೆ ಕೂತಿದೆ.

ಅದನ್ನು ನಮ್ಮ ದಪ್ಪ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಹಳೆಯ ಯಜಮಾನಿ ಈ ಹೋಟೆಲನ್ನು ನನ್ನ ಕೈಗೆ ಬಿಟ್ಟು ಹೋಗುವಾಗ ಒಲೆ, ದೊಡ್ಡ ಪಾತ್ರೆ, ಆ ಪುಸ್ತಕ, ಮೂರನ್ನೂ ಒಂದೇ ಉಸಿರಿನಲ್ಲಿ ಕೊಟ್ಟರು. ಇಟಲಿಯ ಮನೆಗಳ ಅಡುಗೆಯೆಲ್ಲ ಅದರಲ್ಲಿದೆ, ಒಂದೇ ಒಂದು ಚಿತ್ರವಿಲ್ಲ. ‘ಬೆಣ್ಣೆ, ಸಾಕಾಗುವಷ್ಟು’ ಅನ್ನುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ‘ಬೇಯುವ ತನಕ ಬೇಯಿಸಿ’ ಅನ್ನುತ್ತದೆ. ಅತ್ತೆಯಂಥ ಪುಸ್ತಕ, ಹೇಳಿದ್ದು ಮಾಡು, ಎದುರು ಮಾತಾಡಬೇಡ. ನಿನ್ನ ಮೇಡಂ ಪುಸ್ತಕವೋ ಹೊಸದಾಗಿ ಪರಿಚಯವಾದ ಗೆಳತಿ, ಬಾಯಿ ಮುಚ್ಚುವುದೇ ಇಲ್ಲ. ಬದನೆಕಾಯಿ ಸುಡುವ ಮುಂಚೆ ಅವರು ಯಾವ ಕಿಟಕಿಯ ಹತ್ತಿರ ಕೂತಿದ್ದರು, ಹೊರಗೆ ಬೆಳಕು ಹೇಗಿತ್ತು, ಮನಸ್ಸಿಗೆ ಏನೆನಿಸಿತು ಎಲ್ಲವನ್ನೂ ಓದಬೇಕು. ಅಷ್ಟರಲ್ಲಿ ಬದನೆಕಾಯಿ ಸೀದುಹೋಗಿರುತ್ತದೆ. ಹೋದರೆ ಹೋಗಲಿ, ಸೀಯಲಿ ಅಂತಲೇ ಬರೆದಿದ್ದಾರೆ! ಆಮೇಲೆ ಅದರ ಮೇಲೆ ನಿಂಬೆ ಹಿಂಡು, ಮೊಸರು ಸುರಿ, ಬೀಜ ಉದುರಿಸು, ಸೊಪ್ಪು ಹರಿದು ಹಾಕು. ನಮ್ಮ ಪುಸ್ತಕದಲ್ಲಿ ಮೂರು ಸಾಮಾನಿಗೆ ಮುಗಿಯುವ ಅಡುಗೆಗೆ ಇಲ್ಲಿ ಅಂಗಡಿಯನ್ನೇ ಹೊತ್ತು ತರಬೇಕು.

ನಮ್ಮಲ್ಲಿ ಹೂಕೋಸು ಬೆಂದು, ಬಿಳಿ ಸಾಸಿನ ಕೆಳಗೆ ಮುಖ ಮುಚ್ಚಿಕೊಂಡು, ಮಾಂಸದ ಪಕ್ಕದಲ್ಲಿ ತೆಪ್ಪಗೆ ಕೂರುತ್ತದೆ. ನಿನ್ನ ಮೇಡಂ ಅದನ್ನು ಇಡಿಯಾಗಿ ಹುರಿದು ತಟ್ಟೆಯ ನಟ್ಟನಡುವೆ ಪಟ್ಟಕ್ಕೇರಿಸಿದ್ದಾರೆ. ಇರಲಿ. ತರಕಾರಿ ನಡುವೆ ಬಂತು, ತಾಯಿ ಪಕ್ಕಕ್ಕೆ ಹೋದಳು. ಕಾಲ ಬದಲಾಗಿದೆ.

ಯಾವಾಗ ಬರುತ್ತೀಯ? ಫೋನಿನಲ್ಲಿ ಕೇಳಿದರೆ ಹೂಂ ಅಂತೀಯ. ಕಾಗದದಲ್ಲಿ ಬರೀ ಹೂಂ ಅಂತ ಬರೆದು ಕಳಿಸುವುದಕ್ಕೆ ನಿನಗೂ ನಾಚಿಕೆಯಾಗುತ್ತದೆ ಅಂತ ಕಾಗದ ಬರೆಯುತ್ತಿದ್ದೇನೆ.

ಇತಿ,
ನಿನ್ನ ಸ್ವಂತ ಅಮ್ಮ

(ಇದು ಅಪ್ಪ. ಕುಂಬಳಕಾಯಿಯ ಚಿತ್ರ ಬಹಳ ಚೆನ್ನಾಗಿದೆ ಮಗಳೇ. ಹಾಗೆ ಅಂದದ್ದಕ್ಕೆ ಮಧ್ಯಾಹ್ನ ನನಗೆ ಊಟ ಬಡಿಸುವಾಗ ತಟ್ಟೆ ಸ್ವಲ್ಪ ಜೋರಾಗಿ ಬಂತು.)

*

ಫೆಬ್ರವರಿ 21

ಅಮ್ಮಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಗೆಳತಿ ಬಾಯಿ ಮುಚ್ಚುವುದೇ ಇಲ್ಲ ಅನ್ನುವುದಕ್ಕೆ ಮೇಡಂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ನಿಮ್ಮಮ್ಮನೇ ಪುಸ್ತಕ ಬರೀಬೇಕಿತ್ತು” ಅಂದರು. ಕೋಪ ಮಾಡಿಕೊಳ್ಳಬೇಡ. ಎರವಲಿನ ಸಾಲು ಮಾತ್ರ ಓದಲಿಲ್ಲ.

ಇಲ್ಲಿ ಹೇಗಿದೆ ಅಂತ ನೀನು ಯಾವತ್ತೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಇದು ಹೋಟೆಲಲ್ಲ, ಬರೀ ಪರೀಕ್ಷೆಯ ಅಡುಗೆಮನೆ. ಉದ್ದನೆಯ ಮೇಜು, ಮೂರು ಒಲೆ, ತೂಕದ ಯಂತ್ರ. ಒಂದು ಅಡುಗೆಯನ್ನು ಮತ್ತೆ ಮತ್ತೆ ಮಾಡುತ್ತೇವೆ. ಒಮ್ಮೆ ದೊಡ್ಡ ಉರಿ, ಒಮ್ಮೆ ಸಣ್ಣದು, ಒಮ್ಮೆ ಹಳೆಯ ಬಾಣಲೆ. ಯಾರ ಮನೆಯಲ್ಲಿ ಮಾಡಿದರೂ ಕೆಡಬಾರದು ಅಂತ. ನಿನ್ನ ದಪ್ಪ ಪುಸ್ತಕದ ‘ಸಾಕಾಗುವಷ್ಟು’ ಇಲ್ಲಿ ನಡೆಯುವುದಿಲ್ಲ. ಅದು ನಿನ್ನಂಥವರಿಗೆ ಬರೆದ ಪುಸ್ತಕ ಅಮ್ಮ, ಅಡುಗೆ ಬಂದವರಿಗೆ ಮರೆಯಬಾರದು ಅಂತ ಬರೆದದ್ದು. ಇದು ಒಲೆ ಹೊತ್ತಿಸಲು ಹೆದರುವವರಿಗೆ. ಅವರನ್ನು ಕೈಹಿಡಿದು ಕೂರಿಸಬೇಕು, ಅದಕ್ಕೇ ಅಷ್ಟು ಮಾತು.

ಇನ್ನೊಂದು ವಿಷಯ. ದಪ್ಪ ಪುಸ್ತಕದಲ್ಲೂ ಕೊನೆಯಲ್ಲಿ ಬಡವರ ಅಡುಗೆ ಅಂತ ಒಂದು ಭಾಗ ಇದೆ ನೋಡು. ಕಾಳು, ಸೊಪ್ಪು, ಒಣಗಿದ ಬ್ರೆಡ್ಡು, ಮೇಲಿಷ್ಟು ಎಣ್ಣೆ. ಮೊದಲಿನ ಪುಟಗಳೆಲ್ಲ ನಿನ್ನ ಕೈಯ ಬೆಣ್ಣೆ ಕುಡಿದು ಹಳದಿಯಾಗಿವೆ, ಆ ಪುಟಗಳು ಮಾತ್ರ ಹೊಸದಾಗಿಯೇ ಇವೆ. ಮೇಡಂ ಮಾಡಿದ್ದು ಅಷ್ಟೇ, ಕೊನೆಯಲ್ಲಿದ್ದದ್ದನ್ನು ಮುಂದಕ್ಕೆ ತಂದರು.

ಮಧ್ಯಾಹ್ನವಾದರೆ ಒಲೆಗಳನ್ನೆಲ್ಲ ಆರಿಸಿ ಎಲ್ಲರೂ ಆ ಮೇಜಿನ ಸುತ್ತ ಕೂತು ತಿನ್ನುತ್ತೇವೆ. ಮೇಡಂ ತಾವೇ ಬಡಿಸುತ್ತಾರೆ. ಕೆನ್ನೆ ತುಂಬಿದ್ದು ಬೀಟ್‌ರೂಟಿನಿಂದಲ್ಲ, ಕೂತು ತಿಂದದ್ದರಿಂದ.

ನೂರ ಹದಿನಾಲ್ಕನೆಯ ಪುಟ ನೋಡು. ಕ್ಯಾರೆಟ್, ಈರುಳ್ಳಿ, ಸೆಲರಿ ದಂಟು, ಇಂಥವೇ. ‘ದಣಿದ ತರಕಾರಿ’ ಅಂತ ಹೆಸರು. ಅದೊಂದನ್ನು ಮಾಡಿ ನೋಡಿ ನನಗೆ ಬರೆ.

ನಿನ್ನ,
ಕಡ್ಡಿ

*

ಮಾರ್ಚ್ 9

ಕಡ್ಡೀ,

ನನ್ನ ಕಾಗದವನ್ನು ಊರಿಗೆಲ್ಲ ಓದಿ ಹೇಳಿದೆಯಾ? ನಾನು ನಿನಗೆ ಬರೆದದ್ದು, ನಿನ್ನ ಮೇಡಂ ಕಣ್ಣಲ್ಲಿ ನೀರು ತರಿಸಲಿಕ್ಕೆ ಬರೆದದ್ದಲ್ಲ. ಇನ್ನು ಮುಂದೆ ಒಳಗೊಳಗೇ ಓದಿಕೋ.

ಹೂಕೋಸು ಮಾಡಿದೆ. ತಪ್ಪು ಹುಡುಕಲಿಕ್ಕೇ ಮಾಡಿದ್ದು, ಸುಳ್ಳು ಯಾಕೆ ಹೇಳಲಿ. ಅವರು ಹೇಳಿದಂತೆ ಇಡಿಯಾಗಿ ಎಣ್ಣೆ ಸವರಿ, ಜೋರು ಉರಿಯಲ್ಲಿ, ಕಪ್ಪಾಗುವ ತನಕ. ಕಪ್ಪಾಯಿತು. ನಿಂಬೆ ಹಿಂಡಿದೆ, ಬೀಜ ಉದುರಿಸಿದೆ. ಯಾರೂ ಮುಟ್ಟುವುದಿಲ್ಲ, ಸಂಜೆ ನಿನಗೊಂದು ಒಳ್ಳೆಯ ಕಾಗದ ಬರೆಯಬಹುದು ಅಂತ ಖುಷಿಯಲ್ಲಿದ್ದೆ.

ಬೀಗದ ಅಂಗಡಿಯವರು ಬಂದರು. ಗೊತ್ತಲ್ಲ, ಕಿಟಕಿ ಪಕ್ಕದ ಮೇಜು, ವಾರಪೂರ್ತಿ ನನ್ನ ಮಾಂಸದ ಸಾಸೇ ಬೇಕು ಅವರಿಗೆ. ಅಂಥ ಮನುಷ್ಯ ಪಕ್ಕದ ಮೇಜಿನ ಹೂಕೋಸು ನೋಡಿ, “ಅದೇನದು, ನನಗೂ ಸ್ವಲ್ಪ ಕೊಡಿ” ಅಂದರು. ಕೊಟ್ಟೆ. ತಟ್ಟೆ ನೆಕ್ಕುವುದೊಂದು ಬಾಕಿ. ಮರುದಿನ ಬಾಗಿಲಲ್ಲೇ ನಿಂತು, “ಆ ಕಪ್ಪು ಹೂಕೋಸು ಇವತ್ತೂ ಇದ್ಯಾ?” ಅಂದರು. ಒಳಗೆ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೈಯ ರುಚಿ ತಿಂದು ಬೊಜ್ಜು ಬೆಳೆಸಿದವರು ಒಂದೇ ದಿನದಲ್ಲಿ ಅವಳ ಕಡೆ ಹೋದರು. ನಿನ್ನ ಮೇಡಂನ ‘ಅವಳು’ ಅಂದದ್ದಕ್ಕೆ ಬೈಯಬೇಡ, ಇನ್ನೊಂದು ಸಲ ಹೂಕೋಸು ಮಾಡಬೇಕಾಗಿ ಬಂದರೆ ಏಕವಚನಕ್ಕಿಂತ ಕೆಳಗೆ ಇಳಿಯುತ್ತೇನೆ.

ನಿನ್ನ ನೂರ ಹದಿನಾಲ್ಕನೆಯ ಪುಟ ಮಾಡಲಿಲ್ಲ. ಚಿತ್ರ ನೋಡಿ ಮುಚ್ಚಿದೆ. ಎಲ್ಲ ತರಕಾರಿಗೂ ಬಣ್ಣ ಬಳಿದು ಕೂರಿಸಿದವರು ಇದನ್ನೊಂದು ಬೇಯಿಸಿ ಬೇಯಿಸಿ ಹೆಣ ಮಾಡಿದ್ದಾರೆ. ಕೊನೆಯ ಸಾಲು ಮಾತ್ರ ಕಣ್ಣಿಗೆ ಬಿತ್ತು. ‘ಇದನ್ನು ಕುಳಿತು ತಿನ್ನಿ’ ಅಂತೆ! ಅಡುಗೆ ಕಲಿಸಿದ್ದು ಸಾಲದು, ಈಗ ನನಗೆ ಕೂರುವುದನ್ನೂ ಕಲಿಸುತ್ತಾರೆ.

ಪುಸ್ತಕದ ಕೊನೆಯಲ್ಲಿ ವಂದನೆ ಹೇಳುವ ಪುಟದಲ್ಲಿ ‘ನಮ್ಮ ಅಡುಗೆಮನೆಯ ಮರಿಗೆ’ ಅಂತಿದೆ. ಮರಿ ಅಂದರೆ ನೀನೇ ಅಂತ ಅಪ್ಪ ಹೇಳಿದರು. ನಾನು ಹೆತ್ತು, ಕಡ್ಡಿ ಅಂತ ಕರೆದು, ಬಾಯಿಗೆ ತುತ್ತಿಟ್ಟು ಬೆಳೆಸಿದವಳು ಅಲ್ಲಿ ಹೋಗಿ ಇನ್ನೊಬ್ಬರಿಗೆ ಮರಿಯಾದಳು. ನನಗೆ ಹೊಟ್ಟೆಕಿಚ್ಚು ಕಣೇ. ಮುಚ್ಚಿಡುವುದೇನಿದೆ. ಅವರು ನಿನಗೆ ಮಧ್ಯಾಹ್ನ ಬಡಿಸುತ್ತಾರೆ ಅಂತ ಓದಿದ ಮೇಲೆ ನನಗೆ ಆ ದಿನ ಊಟ ಸೇರಲಿಲ್ಲ.

ಯಾವಾಗ ಬರುತ್ತೀಯ ಅಂತ ಕೇಳಿದ್ದೆ. ಅಷ್ಟುದ್ದ ಕಾಗದದಲ್ಲಿ ಅದಕ್ಕೊಂದು ಸಾಲು ಸಿಗಲಿಲ್ಲ ನಿನಗೆ.

ಇತಿ,
ಹೆತ್ತವಳು

*

ಮಾರ್ಚ್ 17

ಮಗಳೇ,

ಇದು ನಾನು ಬೇರೆಯಾಗಿ ಬರೆಯುತ್ತಿರುವುದು. ನಿನ್ನ ಅಮ್ಮ ತರಕಾರಿ ತರಲು ಹೋಗಿದ್ದಾಳೆ. ಹೌದು, ತರಕಾರಿ. ಹೂಕೋಸನ್ನು ಬಾಯಿತುಂಬ ಬೈಯುತ್ತಾಳೆ, ವಾರಕ್ಕೆರಡು ಸಲ ಮಾಡುತ್ತಾಳೆ. ಆ ಪುಸ್ತಕವನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟುಕೊಂಡಿದ್ದಾಳೆ. ನಾನು ಒಳಗೆ ಹೋದರೆ ಮುಚ್ಚಿ, ಡಬ್ಬ ಒರೆಸುತ್ತಾಳೆ. ಆ ಡಬ್ಬ ಇಷ್ಟು ಹೊಳೆದದ್ದು ನಾನು ಕಂಡಿಲ್ಲ.

ಅವಳ ಬಲಗೈ ಮಣಿಕಟ್ಟು ಸರಿಯಿಲ್ಲ. ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ನನ್ನನ್ನು ಕರೆಯುತ್ತಾಳೆ. ಮೊದಲೆಲ್ಲ ನಾನು ಹತ್ತಿರ ಹೋದರೆ ಸೌಟು ತೋರಿಸುತ್ತಿದ್ದಳು. ಇದನ್ನು ನಿನಗೆ ಬರೆಯಬಾರದು ಅಂತ ಹೇಳಿದ್ದಾಳೆ, ಬರೆದಿದ್ದೇನೆ. ಬಾ ಅಂತ ಅಲ್ಲ, ಬರಬೇಡ ಅಂತಲೂ ಅಲ್ಲ. ಗೊತ್ತಿಲ್ಲದೆ ಏನನ್ನೂ ಒಪ್ಪಿಕೊಳ್ಳಬೇಡ ಅಂತ.

ನಿನ್ನ ಅಜ್ಜಿ, ಅಂದರೆ ಇವಳ ಅಮ್ಮ, ಹಳೆಯ ಯಜಮಾನಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. “ನನ್ನ ಮಗಳನ್ನ ಬೆಣ್ಣೆ ಹಚ್ಚಿ ಎಳ್ಕೊಂಡ್ಳು” ಅನ್ನುತ್ತಿದ್ದರು. ಮೊನ್ನೆ ಇದನ್ನು ನಿನ್ನ ಅಮ್ಮನಿಗೆ ನೆನಪಿಸಿದೆ. “ಅದು ಬೇರೆ, ಇದು ಬೇರೆ” ಅಂದಳು. ಹೇಗೆ ಬೇರೆ ಅಂತ ಕೇಳುವ ಧೈರ್ಯ ನನಗಿಲ್ಲ.

ಅಪ್ಪ

*

ಏಪ್ರಿಲ್ 4

ಅಮ್ಮಾ,

ಉತ್ತರ ಬರೆಯಲು ತಡವಾಯಿತು. ನೀನು ಕೇಳಿದ್ದನ್ನು ಮರೆತಿರಲಿಲ್ಲ, ಹೇಳುವುದು ಹೇಗೆ ಅಂತ ತಿಳಿಯಲಿಲ್ಲ.

ಮೇಡಂ ಎರಡನೆಯ ಪುಸ್ತಕ ಶುರು ಮಾಡುತ್ತಿದ್ದಾರೆ. ಅದನ್ನು ಇಬ್ಬರೂ ಸೇರಿ ಬರೆಯೋಣ ಅಂದಿದ್ದಾರೆ. ಮುಖಪುಟದಲ್ಲಿ ನನ್ನ ಹೆಸರೂ ಇರುತ್ತದೆ. ಇನ್ನೂ ಎರಡು ವರ್ಷದ ಕೆಲಸ. ನಾನು ಹೂಂ ಅಂದಿಲ್ಲ. ಊರಿಗೆ ಬಂದು ನಿನ್ನ ಮುಂದೆ ಕೂತು ಹೇಳಬೇಕು ಅಂತಿದ್ದೆ, ಆದರೆ ನಿನ್ನ ಕಾಗದ ನೋಡಿದ ಮೇಲೆ ನಿನ್ನ ಮುಂದೆ ಕೂರಲು ಹೆದರಿಕೆಯಾಯಿತು. ಬೇಡ ಅಂದರೆ ಮೇಡಂ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಮಾಡಿಕೊಳ್ಳುತ್ತೇನೆ.

ನಿನ್ನ ಮಣಿಕಟ್ಟಿನ ವಿಷಯ ನನಗೆ ಗೊತ್ತು. ಅಪ್ಪನನ್ನು ಬೈಯಬೇಡ. ಬರುತ್ತೇನೆ ಅಂತ ಮಾತು ಕೊಟ್ಟು ಹೋಗಿದ್ದೆ, ಅದನ್ನೂ ಮರೆತಿಲ್ಲ.

ನನಗೆ ನಿಜವಾಗಿ ಕೋಪ ಬಂದಿರುವುದು ಬೇರೆ ವಿಷಯಕ್ಕೆ. ಬದನೆಕಾಯಿಯದನ್ನು ಓದಿದೆ, ಹೂಕೋಸು ಮಾಡಿದೆ, ನಾನು ಮಾಡು ಅಂದ ಒಂದನ್ನು ಬಿಟ್ಟೆ. ಈ ಪುಸ್ತಕದಲ್ಲಿ ಉಳಿದದ್ದೆಲ್ಲ ಮೇಡಂ ಅವರದು, ನಾನು ಉಪ್ಪು ನೋಡಿದವಳು ಅಷ್ಟೇ. ಅದೊಂದು ಪುಟ ನನ್ನದು. ಅವರು ಬೇಡ ಅಂದಿದ್ದರು. ಫೋಟೋ ತೆಗೆಯುವವರು, “ಇದ್ರಲ್ಲಿ ತೋರ್ಸೋಕೆ ಏನಿದೆ, ಎಲ್ಲಾ ಕಂದು ಕಂದು” ಅಂದರು. ಅದನ್ನು ಬಿಟ್ಟರೆ ನಾನೂ ಹೊರಟೆ ಅಂತ ಹಠ ಹಿಡಿದೆ. ನಾನು ಹಠ ಹಿಡಿದದ್ದನ್ನು ಇಲ್ಲಿ ಯಾರೂ ನೋಡಿರಲಿಲ್ಲ. ಎಲ್ಲಿಂದ ಬಂತು ಅಂತ ಕೇಳಿದರು. ಹೇಳಲಿಲ್ಲ.

ಅದನ್ನು ಮಾಡು. ಚಿತ್ರ ನೋಡಬೇಡ, ಓದಿ ಮಾಡು. ಆಮೇಲೆ ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಇಲ್ಲಿರುತ್ತೇನೆ. ನೀನು ಹೇಳಿದ ಹಾಗೆ. ಅಲ್ಲಿಯ ತನಕ ಮೇಡಂಗೆ ಏನನ್ನೂ ಹೇಳುವುದಿಲ್ಲ.

ಕಡ್ಡಿ

*

ಮೇ 12

ಕಡ್ಡೀ,

ಕಾಯಿಸಿದೆ ಅಂತ ಗೊತ್ತು. ಮೊದಲೊಂದು ಕಾಗದ ಬರೆದು ಹರಿದೆ. ಅದರಲ್ಲಿ ‘ಬಾ’ ಅಂತ ಇತ್ತು, ಬರೀ ಅಷ್ಟೇ ಇತ್ತು.

ಮುಖಪುಟದಲ್ಲಿ ಹೆಸರು ಅಂದದ್ದು ಓದಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವರ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರು ಹೇಗೆ ಕಾಣುತ್ತದೆ ಅಂತ ಬಿಲ್ಲಿನ ಹಿಂಬದಿಯಲ್ಲಿ ಬರೆದು ನೋಡಿದೆ. ಚೆನ್ನಾಗಿ ಕಂಡಿತು. ಅದಕ್ಕೆ ಇನ್ನೂ ಉರಿಯಿತು. ಬಾ ಅಂದರೆ ಬರುತ್ತೀಯ ಅಂತಲೂ ಗೊತ್ತಿತ್ತು. ಆ ಒಂದು ಅಕ್ಷರ ನನ್ನ ನಾಲಿಗೆಯ ಮೇಲೆ ಕೂತೇ ಇತ್ತು.

ಮೊನ್ನೆ ಹೋಟೆಲಿಗೆ ರಜೆ. ಅಪ್ಪ ಕ್ಷೌರಕ್ಕೆ ಹೋಗಿದ್ದರು. ಆ ಪುಟ ತೆಗೆದು ಓದಿದೆ. ದೊಡ್ಡ ದೊಡ್ಡ ತುಂಡು ಕ್ಯಾರೆಟ್, ಇಡಿ ಈರುಳ್ಳಿ, ಸೆಲರಿ ದಂಟು, ಟೊಮೆಟೊ, ಚೀಸಿನ ಗಟ್ಟಿ ಸಿಪ್ಪೆ ಒಂದು. ಸಣ್ಣ ಉರಿ, ಮಧ್ಯಾಹ್ನ ಪೂರ್ತಿ. ಇಷ್ಟು ಹೊತ್ತು ಯಾರಾದರೂ ಕ್ಯಾರೆಟ್ ಬೇಯಿಸುತ್ತಾರಾ ಅಂತ ಗೊಣಗುತ್ತಲೇ ಇಟ್ಟೆ. ‘ಬ್ರೆಡ್ಡಿನ ತುದಿಯ ತುಂಡೇ ಬೇಕು, ನಡುವಿನದಲ್ಲ’ ಅಂತಿತ್ತು. ಆಗ ಸ್ವಲ್ಪ ಅನುಮಾನ ಬಂತು. ‘ಅದರ ಮೇಲೆ ನಾಲ್ಕು ಹನಿ ವಿನೆಗರ್’ ಅಂತಿತ್ತು. ಆಗ ಸೌಟು ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದೆ.

ನಿನಗೆ ಹೇಗೆ ಗೊತ್ತಾಯಿತು?

ದಪ್ಪ ಪುಸ್ತಕ ದೊಡ್ಡ ಪಾತ್ರೆಯ ಮಾಂಸದ ಬಗ್ಗೆ ಏನು ಹೇಳುತ್ತದೆ ಅಂತ ನಿನಗೆ ಬಾಯಿಪಾಠ. ‘ಮಾಂಸವನ್ನೂ ಸಾಸನ್ನೂ ಬಡಿಸಿ. ತರಕಾರಿಗಳ ಕೆಲಸ ಮುಗಿಯಿತು, ಅವನ್ನು ತೆಗೆದುಹಾಕಿ.’ ನಾನು ತೆಗೆದುಹಾಕುತ್ತಿದ್ದೆ. ಹಾಕುತ್ತಿದ್ದದ್ದು ನನ್ನ ಹೊಟ್ಟೆಗೆ. ಗಿರಾಕಿಗಳಿಗೆ ಕೊಡಲಾಗದ ಬ್ರೆಡ್ಡಿನ ತುದಿ, ಅದಕ್ಕಿಷ್ಟು ವಿನೆಗರ್, ಮೇಲೆ ಆ ಸತ್ವ ಬಿಟ್ಟ ಕ್ಯಾರೆಟ್, ಈರುಳ್ಳಿ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಸೌಟು. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ. ನೀನು ಹಿಟ್ಟಿನ ಚೀಲದ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ, ಮಾಂಸದ ಸಾಸು ಹಾಕಿದ ಪಾಸ್ತಾ ನಿನ್ನ ಮುಂದೆ ತಣ್ಣಗಾಗುತ್ತಿತ್ತು. ತರಕಾರಿ ಕಂಡರೆ ಮುಖ ತಿರುಗಿಸುತ್ತಿದ್ದವಳು ನೀನು. ಲೆಕ್ಕ ಬಿಟ್ಟು ನನ್ನನ್ನು ನೋಡುತ್ತಿದ್ದೆಯಾ?

ಮೊದಲ ತುತ್ತು ನಿಂತುಕೊಂಡೇ ತಿಂದೆ, ಅಭ್ಯಾಸ. ಮಾಂಸವೇ ಇಲ್ಲ, ಆದರೂ ರುಚಿ ಅದೇ. ಎಷ್ಟು ಸಲ ಮಾಡಿ ಮಾಡಿ ಅಲ್ಲಿಗೆ ತಂದೆಯೋ. ಆಗ ಕೊನೆಯ ಸಾಲು ಓದಿದೆ. ಹೋದ ಸಲ ನಾನು ನಕ್ಕ ಸಾಲು. ಹೊರಗಿನಿಂದ ಒಂದು ಕುರ್ಚಿ ಎಳೆದು ತಂದು ಒಲೆಯ ಪಕ್ಕ ಹಾಕಿಕೊಂಡು ಕೂತೆ. ಅಳು ಬಂತು. ಅಪ್ಪ ಬಂದು, “ಏನಾಯ್ತು, ಈರುಳ್ಳಿನಾ?” ಅಂದರು. ಹೂಂ ಅಂದೆ.

ಈಗ ಕೇಳು. ನನ್ನ ಹೊಟ್ಟೆಕಿಚ್ಚು ಆರಿಲ್ಲ. ಮೊದಲಿಗಿಂತ ಜಾಸ್ತಿಯಾಗಿದೆ. ನನ್ನ ಊಟವನ್ನು ಮೊದಲು ಅವರಿಗೆ ಬಡಿಸಿದೆಯಲ್ಲ, ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವರು ಅದನ್ನು ಬೇಡ ಅಂದಿದ್ದರು ಅನ್ನುವುದನ್ನೂ ಮರೆಯುವುದಿಲ್ಲ. ಅದು ಮಾತ್ರ ಓದಿ ಸ್ವಲ್ಪ ಸಮಾಧಾನವಾಯಿತು.

ಆದರೆ ನೀನು ಬರಬೇಡ. ಬಂದರೆ ಈ ಒಲೆಯ ಮುಂದೆ ನಿಲ್ಲುತ್ತೀಯ, ನಿಂತರೆ ನಿಂತುಕೊಂಡೇ ತಿನ್ನುತ್ತೀಯ. ಈ ಅಡುಗೆಮನೆ ನನಗೆ ಕಲಿಸಿದ್ದನ್ನು ನಿನಗೂ ಕಲಿಸುತ್ತದೆ. ಅಲ್ಲಿ ಕೂತು ತಿನ್ನುತ್ತೀಯಂತೆ. ಬಡಿಸುವವರು ಯಾರಾದರೇನು. (ಯಾರಾದರೇನು ಅಂತ ಬರೆದಿದ್ದೇನೆ, ನಂಬಬೇಡ.) ಮೇಡಂಗೆ ಹೂಂ ಅನ್ನು. ಮುಖಪುಟದಲ್ಲಿ ನಿನ್ನ ಹೆಸರು ಅವರದ್ದಷ್ಟೇ ದೊಡ್ಡದಿರಲಿ, ಒಂದು ಎಳೆ ಸಣ್ಣದಾದರೂ ನಾನು ಪುಸ್ತಕ ಮುಟ್ಟುವುದಿಲ್ಲ. ಹಾಗೇ ಅವರಿಗೆ ಹೇಳು, ಎರವಲು ಅಂತ ಅವರೇ ಕೈಯಾರೆ ಬರೆದುಕೊಟ್ಟಿದ್ದಾರೆ. ಎರವಲು ತಂದದ್ದನ್ನು ವಾಪಸು ಕೊಡಬೇಕು. ಎರಡು ವರ್ಷ ಆದಮೇಲೆ ನಾನೇ ಬಂದು ಕೇಳುತ್ತೇನೆ.

ಮಣಿಕಟ್ಟಿನ ಚಿಂತೆ ಮಾಡಬೇಡ. ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಹಾಕಿದೆವು. ಎರಡು ಸಣ್ಣ ಪಾತ್ರೆ ತಂದಿದ್ದೇನೆ, ಅವನ್ನು ನಾನೊಬ್ಬಳೇ ಎತ್ತಬಲ್ಲೆ. ಒಂದರಲ್ಲಿ ದಪ್ಪ ಪುಸ್ತಕದ ಮಾಂಸ, ಒಂದರಲ್ಲಿ ನಿನ್ನ ನೂರ ಹದಿನಾಲ್ಕು. ಬೀಗದ ಅಂಗಡಿಯವರು ನಿನ್ನದನ್ನು ತಿಂದು, “ಇದು ಮೊದಲೆಲ್ಲ ಯಾಕೆ ಕೊಡ್ತಿರಲಿಲ್ಲ?” ಅಂದರು. “ಮೊದಲೆಲ್ಲ ಅದು ನನಗೇ ಸಾಲ್ತಿರಲಿಲ್ಲ” ಅಂದೆ.

ಇನ್ನೊಂದು ಮಾತು. ನಿನ್ನ ಪುಟದಲ್ಲಿ ತಪ್ಪಿದೆ ಅಂತ ಬರೆಯಬೇಕೆಂದಿದ್ದೆ. ಆ ಪುಸ್ತಕದಲ್ಲಿ ಎಲ್ಲವೂ ನಾಲ್ಕು ಜನಕ್ಕೆ, ಆರು ಜನಕ್ಕೆ ಅಂತಿದೆ. ಇದೊಂದು ಮಾತ್ರ ‘ಇಬ್ಬರಿಗೆ’. ನಾನು ಒಬ್ಬಳೇ ತಿನ್ನುತ್ತಿದ್ದದ್ದಲ್ಲವಾ, ಇವಳು ಅಳತೆ ತಪ್ಪಿದಳು ಅಂದುಕೊಂಡೆ. ಮಾಡಿ ನೋಡಿದ ಮೇಲೆ ಅಳತೆ ಸರಿಯಾಗಿದೆ ಅನಿಸಿತು. ಒಬ್ಬಳಿಂದ ಮುಗಿಯುವುದಿಲ್ಲ.

ಒಲೆಯ ಪಕ್ಕ ಇನ್ನೊಂದು ಕುರ್ಚಿ ತಂದು ಹಾಕಿದ್ದೇನೆ. ರಜೆ ಸಿಕ್ಕಾಗ ಬಂದು ಕೂತು ತಿಂದು ಹೋಗು. ನಿನ್ನ ಮೇಡಂನೂ ಕರೆದುಕೊಂಡು ಬಾ, ಮನೆಗೆ ಬಂದವರಿಗೆ ಬಡಿಸದೆ ಇರುವವಳಲ್ಲ ನಾನು. ಆದರೆ ಅವರಿಗೆ ಬೇರೆ ಕುರ್ಚಿ ಕೊಡುತ್ತೇನೆ. ನಿನ್ನದರಲ್ಲಿ ಕೂರಿಸುವುದಿಲ್ಲ.

ಅಮ್ಮ